ಎದುರು ಕೂತವರ ಮೇಲೆ ಸಿಟ್ಟು ಬಂದರೆ, ಕನಿಕರ ಉಕ್ಕಿದರೆ

ಕೌನ್ಸೆಲಿಂಗ್ ಮಾಡುವವರಿಗೂ ಸಿಟ್ಟು, ಬೇಜಾರು ಬರುತ್ತವೆ. ಕೆಲವರ ಮೇಲೆ ಅತಿಯಾದ ಕನಿಕರವೂ ಹುಟ್ಟುತ್ತದೆ. ಸಭಾಪಾಲಕರಿಗೂ, ಅಂದರೆ ಚರ್ಚಿನ ಪಾದ್ರಿಗಳಿಗೂ ಅಷ್ಟೇ. ಇದಕ್ಕೆ ಕೌಂಟರ್‌ಟ್ರಾನ್ಸ್‌ಫರೆನ್ಸ್ ಅನ್ನುತ್ತಾರೆ. 1910ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಇದನ್ನು ಚಿಕಿತ್ಸಕ ಗೆಲ್ಲಬೇಕಾದ ಅಡ್ಡಿ ಎಂದರು. ಎದುರಿನವರ ಮನಸ್ಸು ತಿಳಿಯಲು ಈ ಭಾವನೆಯೇ ದಾರಿ ಎಂದು 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್ ವಾದಿಸಿದರು. ನನಗೆ ಎರಡೂ ನಿಜ ಅನಿಸುತ್ತದೆ. ಆದರೆ ಮೊದಲು ಅದು ನಮ್ಮ ಗಮನಕ್ಕೆ ಬರಬೇಕಲ್ವಾ?

ಮಾತು ನಡೆಯುವಾಗಲೇ ನಿಮ್ಮ ಮೈ ಗಮನಿಸಿ. ಭುಜ ಬಿಗಿಯಾಯಿತೇ? ಕಣ್ಣು ಪದೇ ಪದೇ ಗಡಿಯಾರದ ಕಡೆ ಹೋಗುತ್ತಿದೆಯೇ?

ಆಮೇಲೆ ನಿಮ್ಮ ರೂಢಿ ಎಲ್ಲಿ ತಪ್ಪುತ್ತಿದೆ ನೋಡಿ. ಎಲ್ಲರಿಗೂ 45 ನಿಮಿಷ, ಒಬ್ಬರಿಗೆ ಮಾತ್ರ ಒಂದೂವರೆ ಗಂಟೆಯೇ? ರಾತ್ರಿ 11ಕ್ಕೂ ಅವರ ವಾಟ್ಸಾಪ್‌ಗೆ ಉತ್ತರಿಸುತ್ತೀರಾ? ಸಿಟ್ಟನ್ನು ಬೇಗ ಗುರುತಿಸುತ್ತೇವೆ. ‘ನನ್ನ ಬಿಟ್ಟರೆ ಅವಳಿಗೆ ಯಾರೂ ಇಲ್ಲ’ ಎಂಬ ಕನಿಕರ ಮಾತ್ರ ಸೇವೆಯ ವೇಷದಲ್ಲಿ ಬರುತ್ತದೆ. ಚರ್ಚಿನಲ್ಲಿ ಇದು ಇನ್ನೂ ಕಷ್ಟ. ಪಾದ್ರಿಯೇ ಅವಳ ಮದುವೆ ಮಾಡಿಸಿರುತ್ತಾರೆ, ಆ ಮನೆಯಲ್ಲಿ ಊಟವನ್ನೂ ಮಾಡಿರುತ್ತಾರೆ.

ಮುಂದಿನದು ಬರೆಯುವ ಕೆಲಸ. 1925ರಲ್ಲಿ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಪಾದ್ರಿ ಆಂಟನ್ ಬಾಯ್ಸನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆ ಕಲಿಯಲು ಕರೆದರು. ಅಲ್ಲಿಂದ ಬೆಳೆದ ತರಬೇತಿಯಲ್ಲಿ ‘ವರ್ಬ್ಯಾಟಿಮ್’ ಎಂಬ ಅಭ್ಯಾಸವಿದೆ. ಎದುರು ಕೂತವರು ಹೇಳಿದ್ದು, ನೀವು ಹೇಳಿದ್ದು ಎಲ್ಲವನ್ನೂ ನೆನಪಿನಿಂದ ಸಾಲು ಸಾಲಾಗಿ ಬರೆಯಿರಿ. ಹೆಸರು ಬೇಡ. ಆಗ ನಿಮಗೇನನಿಸಿತು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಎಲ್ಲಿ ಮಾತು ತಿರುಗಿಸಿದಿರಿ? ಎಲ್ಲಿ ಸುಮ್ನೆ ಬುದ್ಧಿವಾದಕ್ಕೆ ಇಳಿದಿರಿ? ಅವಳು ಗಂಡನ ಕುಡಿತದ ವಿಷಯ ಎತ್ತಿದ ಕೂಡಲೇ ‘ಪ್ರಾರ್ಥನೆ ಮಾಡೋಣ’ ಎಂದಿರಾ? ಆ ಪ್ರಾರ್ಥನೆ ಯಾರಿಗೆ ಬೇಕಿತ್ತು, ಅವಳಿಗೋ ನಿಮಗೋ?

ಈಗ ಕೇಳಿಕೊಳ್ಳಿ: ಇವರನ್ನು ನೋಡಿದರೆ ನನಗೆ ಯಾರ ನೆನಪಾಗುತ್ತದೆ? ಅಪ್ಪನೋ ಅತ್ತೆಯೋ ಕಣ್ಮುಂದೆ ಬಂದರೆ, ಆ ಭಾವನೆಯಲ್ಲಿ ನಿಮ್ಮ ಪಾಲೇ ಜಾಸ್ತಿ ಇರಬಹುದು. ಮನೆಯವರು, ಗೆಳೆಯರು ಎಲ್ಲರೂ ತನ್ನಿಂದ ಬೇಸತ್ತು ದೂರ ಹೋದರೆಂದು ಅವರೇ ಹೇಳುತ್ತಿದ್ದು, ನಿಮಗೂ ಅದೇ ಬೇಸರ ಬಂದರೆ ಅದು ಅವರ ಬದುಕಿನ ಸುಳಿವು. ಖಚಿತ ಉತ್ತರವೆಂದು ಮಾತ್ರ ಹಿಡಿಯಬೇಡಿ.

ಇದನ್ನೆಲ್ಲ ಬಂದವರ ಮುಂದೆ ಹೇಳಿ ಹಗುರಾಗಬೇಡಿ. ಸೂಪರ್‌ವೈಸರ್, ಅಂದರೆ ನಿಮ್ಮ ಕೌನ್ಸೆಲಿಂಗ್‌ಗೆ ಮಾರ್ಗದರ್ಶನ ಮಾಡುವ ಅನುಭವಿಗಳ ಬಳಿ ಹೇಳಿ. ಯಾವ ಕೇಸ್ ಹೇಳಲು ನಾಚಿಕೆಯೋ ಅದನ್ನೇ ಮೊದಲು. ಸೆಳೆತವೋ ಸಿಟ್ಟೋ ಆಮೇಲೂ ಹಿಡಿತಕ್ಕೆ ಸಿಗದಿದ್ದರೆ ಬೇರೆಯವರ ಹತ್ತಿರ ಕಳಿಸಿ. ಥಟ್ಟನೆ ಕೈಬಿಡಬೇಡಿ. ಯಾರನ್ನು, ಯಾವ ದಿನ ನೋಡಬೇಕೆಂದು ಗೊತ್ತುಮಾಡಿಕೊಟ್ಟೇ ಕಳಿಸಿ.