ಮಿಲಾನ್ ನಗರ, ಕೋಮೋ ಸರೋವರ: ಐದು ದಿನಗಳ ಪ್ರವಾಸವನ್ನು ಯೋಜಿಸುವುದು ಹೇಗೆ?

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಹೂಮಳೆಯೂ ಬಿದ್ದು, ಮುಂಗಾರಿಗೆ ಇನ್ನೂ ಸಮಯವಿರುವ ಮೇ ತಿಂಗಳಿನಲ್ಲಿ ಕೊಡಗಿನ ತೋಟದವರಿಗೆ ಒಂದು ವಾರ ಬಿಡುವು ಸಿಕ್ಕರೆ, ಇಟಲಿಯ ಮಿಲಾನ್ ನಗರವನ್ನೂ ಅದರ ಉತ್ತರಕ್ಕಿರುವ ಕೋಮೋ ಸರೋವರವನ್ನೂ ಒಟ್ಟಿಗೆ ನೋಡಿಬರಬಹುದು. ಏಪ್ರಿಲ್‌ನಲ್ಲಿ ಅಲ್ಲಿ ಪೀಠೋಪಕರಣಗಳ ದೊಡ್ಡ ಮೇಳ, ಫೆಬ್ರುವರಿ ಮತ್ತು ಸೆಪ್ಟೆಂಬರ್‌ನಲ್ಲಿ ಫ್ಯಾಷನ್ ಸಪ್ತಾಹ ನಡೆಯುವುದರಿಂದ ಹೋಟೆಲ್ ದರ ವಿಪರೀತ ಏರುತ್ತದೆ. ಆದ್ದರಿಂದ ಒಕ್ಕದ (ಕೊಡವ ಮನೆತನದ) ಮದುವೆಗಳ ದಿನಾಂಕ ನೋಡಿಕೊಂಡು ಮೇ ತಿಂಗಳಿನಲ್ಲೇ ಐದು ದಿನ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ದಿನ ಗೊತ್ತಾದ ಮೇಲೆ ಮೊದಲ ಕೆಲಸ ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿದ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾಗುತ್ತದೆ. ಕೊಡಗಿಗೆ ರೈಲಿಲ್ಲದ ಕಾರಣ, ಹಿಂದಿನ ದಿನವೇ ಬೆಂಗಳೂರು ತಲುಪಿ ಉಳಿದುಕೊಂಡರೆ ಬೆಳಗಿನ ಧಾವಂತ ತಪ್ಪುತ್ತದೆ.

ಎರಡನೆಯದಾಗಿ, ಹೋಟೆಲಿಗಿಂತ ಮೊದಲು ಮಿಲಾನ್‌ನಲ್ಲಿರುವ ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’ ಭಿತ್ತಿಚಿತ್ರವನ್ನು ನೋಡುವ ಟಿಕೆಟ್ ಕಾಯ್ದಿರಿಸಿ. ಉಳಿದ ದಿನಗಳನ್ನು ಅದರ ಸುತ್ತ ಜೋಡಿಸಿಕೊಳ್ಳಿ. ಲಿಯೊನಾರ್ಡೊ ಇದನ್ನು ಹಸಿ ಗಾರೆಯ ಬದಲು ಒಣಗಿದ ಗೋಡೆಯ ಮೇಲೆ ಬರೆದದ್ದರಿಂದ ಬಣ್ಣ ಬೇಗನೆ ಕಳಚತೊಡಗಿತು. ಅದನ್ನು ಕಾಪಾಡಲೆಂದೇ ಈಗ ಸಣ್ಣ ಗುಂಪುಗಳನ್ನು ಮಾತ್ರ, ಅದೂ 15 ನಿಮಿಷಗಳ ಮಟ್ಟಿಗೆ, ಒಳಗೆ ಬಿಡುತ್ತಾರೆ. ಸೋಮವಾರ ಅಲ್ಲಿಗೆ ರಜೆ. ಹೀಗಾಗಿ ಶನಿವಾರ ಮಿಲಾನ್ ತಲುಪಿ, ಭಾನುವಾರ ಚಿತ್ರ ನೋಡಿ, ವಾರಾಂತ್ಯದ ಜನ ಕರಗಿದ ಸೋಮವಾರ ಸರೋವರದತ್ತ ಹೊರಡುವುದು ನನ್ನ ಮಟ್ಟಿಗೆ ಅತ್ಯುತ್ತಮ ಕ್ರಮ.

ಮಿಲಾನ್‌ನಲ್ಲಿ 1386ರಲ್ಲಿ ಕಟ್ಟಲು ಆರಂಭಿಸಿದ ಡುಓಮೋ ಪ್ರಧಾನ ಚರ್ಚಿನ ಒಳಾಂಗಣಕ್ಕಷ್ಟೇ ತೃಪ್ತರಾಗದೆ ಮಾಳಿಗೆಯನ್ನು ಹತ್ತಲೇಬೇಕು. ತುಸು ಗುಲಾಬಿ ಛಾಯೆಯ ಅಮೃತಶಿಲೆಯ ಶಿಖರಗಳ ನಡುವೆ ಓಡಾಡುವಾಗ, ನೆಲದಿಂದ ಕಾಣದ ಕೆತ್ತನೆಗಳು ಕೈಗೆಟುಕುವಷ್ಟು ಹತ್ತಿರ ಬರುತ್ತವೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಅಗತ್ಯ. ಪಕ್ಕದಲ್ಲೇ ಗಾಜಿನ ಛಾವಣಿಯ ಗ್ಯಾಲರಿಯಾ ವಿತ್ತೋರಿಯೊ ಇಮಾನುಯೆಲೆ ಇದೆ. ವಸ್ತ್ರವಿನ್ಯಾಸಕ್ಕೆ ಹೆಸರಾದ ಮೊಂಟೆನಾಪೊಲಿಯೊನೆ ಬೀದಿಗೂ ಅಲ್ಲಿಂದ ನಡೆದೇ ಹೋಗಬಹುದು.

ಕಾಫಿಯನ್ನು ಮಾತ್ರ ಅಂಗಡಿಯ ಕಟ್ಟೆಯ ಬಳಿ ನಿಂತೇ ಕುಡಿಯಿರಿ. ಮೇಜಿನ ಮುಂದೆ ಕುಳಿತರೆ ಬೆಲೆ ಹೆಚ್ಚುವುದುಂಟು. ಎರಡು ಗುಟುಕಿಗೆ ಮುಗಿಯುವ ಆ ಪುಟ್ಟ ಪಿಂಗಾಣಿ ಬಟ್ಟಲಿನ ಮೇಲೆ ಕಂದು ನೊರೆ ದಪ್ಪಗೆ ನಿಂತಿದ್ದರೆ, ಮಿಶ್ರಣದಲ್ಲಿ ರೊಬಸ್ಟಾ ಇರುವ ಸಾಧ್ಯತೆ ಹೆಚ್ಚು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ ಎಂಬುದನ್ನು ಬಲ್ಲ ನಮ್ಮವರಿಗೆ ಆ ಬಟ್ಟಲು ತೋಟದ ನೆನಪು ತಾರದೆ ಇರದು.

ಸರೋವರಕ್ಕೆ ಹೋಗುವವರು ಬಹುಪಾಲು ಕೋಮೋ ಪಟ್ಟಣದಲ್ಲೇ ಇಳಿಯುತ್ತಾರೆ. ನಾನು ಸೂಚಿಸುವುದು ಪೂರ್ವ ದಡದ ವರೆನ್ನಾ. ಮಿಲಾನೊ ಚೆಂತ್ರಾಲೆ ನಿಲ್ದಾಣದಿಂದ ಅಲ್ಲಿಗೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಎಡಬದಿಯ ಕಿಟಕಿ ಹಿಡಿದರೆ, ಲೆಕ್ಕೊ ದಾಟಿದ ಮೇಲೆ ನೀರು ನಿಮ್ಮ ಜೊತೆಗೇ ಸಾಗುತ್ತದೆ. ಕಾಗದದ ಟಿಕೆಟ್ ಕೊಂಡಿದ್ದರೆ ರೈಲು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಮರೆತರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳಬಹುದು. ವರೆನ್ನಾದ ಓಣಿಗಳು ಕಲ್ಲುಮೆಟ್ಟಿಲುಗಳವು, ಆದ್ದರಿಂದ ದೊಡ್ಡ ಪೆಟ್ಟಿಗೆಯನ್ನು ಮಿಲಾನ್ ನಿಲ್ದಾಣದ ಸಾಮಾನು ಕೊಠಡಿಯಲ್ಲಿಟ್ಟು ಎರಡು ರಾತ್ರಿಯ ಬಟ್ಟೆಯ ಚೀಲವನ್ನಷ್ಟೇ ಒಯ್ಯಿರಿ.

ಸುಮಾರು 146 ಚದರ ಕಿಲೋಮೀಟರ್ ವಿಸ್ತಾರದ, 400 ಮೀಟರಿಗೂ ಆಳವಾದ ಈ ಸರೋವರ, ಕವಲುಕೊಂಬೆಯನ್ನು ತಲೆಕೆಳಗಾಗಿ ಇಟ್ಟಂತಿದೆ. ಕವಲಿನ ತುದಿಯಲ್ಲಿರುವ ಬೆಲ್ಲಾಜೊ ಊರಿಗೆ ವರೆನ್ನಾದಿಂದ ದೋಣಿಯಲ್ಲಿ ಕಾಲು ಗಂಟೆ ಸಾಕು. ಸೋಮವಾರ ಮಧ್ಯಾಹ್ನ ಬೆಲ್ಲಾಜೊ ಮುಗಿಸಿ, ಎದುರು ದಡದಲ್ಲಿ ಅಜೇಲಿಯಾ ಹೂಗಳಿಗೆ ಪ್ರಸಿದ್ಧವಾದ ವಿಲ್ಲಾ ಕಾರ್ಲೊಟ್ಟಾ ತೋಟವನ್ನು ನೋಡಬಹುದು. ವಿಲ್ಲಾ ಡೆಲ್ ಬಾಲ್ಬಿಯನೆಲ್ಲೊ ಎಂಬ ಸರೋವರದಂಚಿನ ಬಂಗಲೆಗೆ ಸೋಮವಾರ ಮತ್ತು ಬುಧವಾರ ರಜೆಯಿರುವುದರಿಂದ ಅದನ್ನು ಮಂಗಳವಾರಕ್ಕೆ ಇಟ್ಟುಕೊಂಡು, ಲೆನ್ನೋ ಊರಿನಲ್ಲಿ ದೋಣಿ ಇಳಿದು ದಡದುದ್ದಕ್ಕೂ ನಡೆದು ಹೋಗಿ. ಸಂಜೆಯ ಕೊನೆಯ ದೋಣಿಯ ವೇಳೆಯನ್ನು ಬೆಳಿಗ್ಗೆಯೇ ಬರೆದುಕೊಂಡಿರಬೇಕು.

ಬುಧವಾರ ಸಂಜೆ ಅಥವಾ ರಾತ್ರಿಯ ವಿಮಾನವನ್ನೇ ಆರಿಸಿಕೊಳ್ಳಿ. ಮಾಲ್ಪೆನ್ಸಾ ವಿಮಾನ ನಿಲ್ದಾಣ ಮಿಲಾನ್‌ನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದ್ದು, ಚೆಂತ್ರಾಲೆಯಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಅಲ್ಲಿಂದಲೇ ನೇರ ರೈಲು ಹಿಡಿಯಬಹುದು.