ಫೇಲಾದದ್ದು ದಾಖಲಾಗುತ್ತಲೇ ಇರಲಿಲ್ಲ: ನನ್ನ ಅನುಭವ

ಕೆಲಸ ಕೆಟ್ಟಾಗ ಅದರ ವಿವರವನ್ನು ಅಮೆಜಾನ್‌ನ ಡೇಟಾಬೇಸ್ ಆದ ಡೈನಮೋಡಿಬಿ ಟೇಬಲ್‌ಗೆ ಬರೆದಿಡುವ ಲ್ಯಾಂಬ್ಡಾ ಫಂಕ್ಷನ್ (ಅಮೆಜಾನ್ ಕ್ಲೌಡ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಒಂದನ್ನು ನೋಡ್‌ಜೆಎಸ್‌ನಲ್ಲಿ ಬರೆದಿದ್ದೆ. ಸ್ಯಾಮ್ (ಇಂಥ ಫಂಕ್ಷನ್‌ಗಳನ್ನು ಕಟ್ಟಿ ಪರೀಕ್ಷಿಸುವ ಸಾಧನ) ಬಿಲ್ಡ್ ಸಲೀಸಾಗಿ ಮುಗಿಯಿತು. ಲೋಕಲ್ ಇನ್ವೋಕ್ ಮಾಡಿದರೆ, ಅಂದರೆ ನನ್ನ ಲ್ಯಾಪ್‌ಟಾಪಿನಲ್ಲೇ ಓಡಿಸಿದರೆ ಮಾತ್ರ 'ಕನೆಕ್ಷನ್ ರೆಫ್ಯೂಸ್ಡ್'. ಡೈನಮೋಡಿಬಿ ಲೋಕಲ್ (ಅದೇ ಡೇಟಾಬೇಸಿನ ಲ್ಯಾಪ್‌ಟಾಪ್ ಆವೃತ್ತಿ) 8000ನೇ ಪೋರ್ಟಿನಲ್ಲಿ ಓಡುತ್ತಲೇ ಇತ್ತು! ಆದರೆ ಫಂಕ್ಷನ್ ಓಡುವುದು ಡಾಕರ್ ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಂಥ ಪರಿಸರದೊಳಗೆ. ಅಲ್ಲಿ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ನನ್ನ ಲ್ಯಾಪ್‌ಟಾಪ್ ಅಲ್ಲ. ವಿಳಾಸವನ್ನು ಹೋಸ್ಟ್.ಡಾಕರ್.ಇಂಟರ್ನಲ್ (ಕಂಟೇನರಿನೊಳಗಿಂದ ಲ್ಯಾಪ್‌ಟಾಪನ್ನು ತಲುಪುವ ಹೆಸರು) ಎಂದು ಬದಲಿಸಿದೆ, ಸಂಪರ್ಕ ಸಿಕ್ಕಿತು.

ಆದರೂ ಟೇಬಲ್ ಖಾಲಿ. ಅರ್ಧ ದಿನ ತಿಂದದ್ದು ಇದೇ. ಎರರ್ ಬಂದಾಗ ಓಡುವ ಕ್ಯಾಚ್ ಬ್ಲಾಕ್‌ನಲ್ಲಿ ಬರೆಯುವ ಸಾಲಿನ ಮುಂದೆ ಅವೇಟ್ (ಆ ಕೆಲಸ ಮುಗಿಯುವವರೆಗೆ ಕಾಯಲು ಹೇಳುವ ಪದ) ಇರಲಿಲ್ಲ. ಬರೆದು ಮುಗಿಯುವ ಮೊದಲೇ ಫಂಕ್ಷನ್ ಎರರ್ ಎಸೆದು ಮುಗಿದುಹೋಗುತ್ತಿತ್ತು. ಅವೇಟ್ ಸೇರಿಸಿ ಮತ್ತೆ ಬಿಲ್ಡ್ ಮಾಡಿದೆ (ಮಾಡದಿದ್ದರೆ ಹಳೆಯ ಕೋಡೇ ಓಡುತ್ತದೆ). ಕೆಲಸ ಕೆಡಲೆಂದೇ ಆರ್ಡರ್ ಐಡಿ ತೆಗೆದುಹಾಕಿದ ಇವೆಂಟ್ ಫೈಲ್ (ಫಂಕ್ಷನ್‌ಗೆ ಕೊಡುವ ಇನ್‌ಪುಟ್) ಕೊಟ್ಟೆ. ಟೇಬಲ್‌ನಲ್ಲಿ ಮೊದಲ ಸಾಲು ಬಂತು: ಸಮಯ, ಕಾರಣ, ರಿಕ್ವೆಸ್ಟ್ ಐಡಿ.