ಬೇಸಿಗೆ ಸೂಟಿ, 26 ವಿಜ್ಞಾನ ಮಾಸ್ತರರು, ಒಂದು ಹೀಟರ್ ಕಾಯಿಲ್

"ಬ್ಯಾಸಿಗಿ ಸೂಟ್ಯಾಗ, ಟಿಎ-ಡಿಎ ಇಲ್ದ ಯಾರ್ ಬರ್ತಾರ್ರೀ ಸರ?" ವಿಜ್ಞಾನ ಶಿಕ್ಷಕರಿಗೆ ತರಬೇತಿ ಇಡುತ್ತೇನೆ ಅಂದಾಗಲೆಲ್ಲ ಮೂರು ವರ್ಷ ಈ ಮಾತು ಕೇಳಿದ್ದೇನೆ (ಟಿಎ-ಡಿಎ ಅಂದರೆ ಪ್ರಯಾಣ ಭತ್ಯೆ, ದಿನಭತ್ಯೆ). ಕಳೆದ ಮೇ ತಿಂಗಳಲ್ಲಿ ಕೊಪ್ಪಳದ ಹತ್ತಿರದ ನಮ್ಮ ಹೈಸ್ಕೂಲಿಗೆ ಐದು ದಿನದ ತರಬೇತಿಗೆ 26 ಜನ ವಿಜ್ಞಾನ ಶಿಕ್ಷಕರು ಬಂದರು. ಐದನೇ ದಿನವೂ 24 ಜನ ಇದ್ದರು. ಉಳಿದಿಬ್ಬರಲ್ಲಿ ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರಿಗೆ ಜ್ವರ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೇ ಮಾಡಿದ್ದೆ. ಸಂಪನ್ಮೂಲ ವ್ಯಕ್ತಿಗಳು, ಪಿಪಿಟಿ, ಊಟ, ಪ್ರಮಾಣಪತ್ರ. ಎರಡನೇ ದಿನ ಹನ್ನೊಂದಕ್ಕೆ ಕರೆಂಟ್ ಹೋಯಿತು. ಪ್ರೊಜೆಕ್ಟರ್ ಜೊತೆ ಫ್ಯಾನೂ ನಿಂತಿತು. ನಮ್ಮ ಕಡೆಯ ಮೇ ಬಿಸಿಲು ಗೊತ್ತಲ್ವಾ? 40 ಜನರಲ್ಲಿ ಕೊನೆಗೆ ಉಳಿದವರು ಹನ್ನೊಂದೋ ಹನ್ನೆರಡೋ.

ಎರಡನೇ ವರ್ಷ ಹಳೆ ವಿದ್ಯಾರ್ಥಿಗಳು ಸುಮಾರು 18 ಸಾವಿರ ಕೊಟ್ಟರು. ಅಷ್ಟಕ್ಕೂ ರೆಡಿಮೇಡ್ ಕಿಟ್ ತರಿಸಿ ಹಂಚಿದೆ. ಜುಲೈನಲ್ಲಿ ನಾಲ್ಕು ಶಾಲೆಗೆ ಹೋಗಿ ನೋಡಿದರೆ ಮೂರು ಕಡೆ ಡಬ್ಬಿಯ ಟೇಪನ್ನೂ ಕಿತ್ತಿರಲಿಲ್ಲ. "ಒಡದರ ಸ್ಟಾಕ್ ರಿಜಿಸ್ಟರ್‌ನ್ಯಾಗ ನನ್ನ ಹೆಸರಿಗೆ ಬರತೈತ್ರಿ" ಅಂದರು ಒಬ್ಬ ಮೇಡಂ. ದುಡ್ಡು ಹೋದದ್ದಕ್ಕಿಂತ ಆ ಮಾತು ನನ್ನನ್ನು ಜಾಸ್ತಿ ಕಾಡಿತು.

ಹಾಗಾಗಿ ಮೂರನೇ ಸಲ ಹೊಸದೇನೂ ಕೊಡಲಿಲ್ಲ. ಬರುವವರೇ ತಮ್ಮ ಶಾಲೆಯ ಅಲಮಾರಿಯಿಂದ ಕೆಟ್ಟುಹೋದ ಒಂದು ಉಪಕರಣ ತರಬೇಕು. ಇಷ್ಟು ವರ್ಷ ಬೋರ್ಡಿನ ಮೇಲಷ್ಟೇ ಮಾಡಿದ ಒಂದು ಪ್ರಯೋಗವನ್ನು ಚೀಟಿಯಲ್ಲಿ ಬರೆದು ಹಾಕಬೇಕು, ತಮ್ಮ ಹೆಸರು ಬರೆಯಬಾರದು. ಭಾಷಣ ಇಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿದ ಮೇಲೆ, ಮೇ ಮೊದಲ ವಾರ, ಬೆಳಿಗ್ಗೆ 7ರಿಂದ 12.30. ಆದೇಶ ಇಲ್ಲ, ಗಳಿಕೆ ರಜೆಯೂ ಸಿಗುವುದಿಲ್ಲ ಅಂತ ಮೊದಲೇ ಹೇಳಿದೆ. ತಲಾ 200 ರೂಪಾಯಿ ತಗೊಂಡೆ. ಕೈಯಿಂದ ದುಡ್ಡು ಕೊಟ್ಟವರು ನಡುವೆ ಬಿಟ್ಟು ಹೋಗಲಿಲ್ಲ ನೋಡಿ.

ಚೀಟಿ ಬಿಚ್ಚಿದರೆ ಒಂಬತ್ತು ಚೀಟಿಗಳಲ್ಲಿ ಒಂದೇ ಪ್ರಯೋಗ, ಓಮ್‌ನ ನಿಯಮ! ವೋಲ್ಟೇಜ್ ಹೆಚ್ಚಿಸಿದಷ್ಟೂ ಕರೆಂಟ್ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಅನ್ನುವುದು. ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರೇ ಬರೆದಿದ್ದರು ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವರು ತಂದ ಅಮ್ಮೀಟರುಗಳ ಮುಳ್ಳು ಅಲ್ಲಾಡಲಿಲ್ಲ. ನಾನು ತಲಾ 280ರ ಹಾಗೆ ಆರು ಡಿಜಿಟಲ್ ಮಲ್ಟಿಮೀಟರ್ ತಂದಿಟ್ಟಿದ್ದೆ. ಮೊದಲ ಗಂಟೆಯಲ್ಲೇ ಮೂರರ ಫ್ಯೂಸ್ ಹೋಯಿತು. ಮಿಲಿಆಂಪಿಯರಿಗೆ ತಿರುಗಿಸಿ ನೇರ ಸೆಲ್ಲಿಗೇ ಮುಟ್ಟಿಸಿದ್ದರು. ಯಾರನ್ನೂ ಏನೂ ಅನ್ನಲಿಲ್ಲ. ಬಿಚ್ಚಿ ಫ್ಯೂಸ್ ಹಾಕುವುದನ್ನು ಅವರ ಕೈಯಲ್ಲೇ ಮಾಡಿಸಿದೆ. ನೀವು ಮಾಡುವುದಾದರೆ ಒಂದು ಡಜನ್ ಫ್ಯೂಸ್ ಮೊದಲೇ ತಂದಿಡಿ.

ಆಮೇಲೆ 6 ವೋಲ್ಟಿನ ಬಲ್ಬ್ ಹಾಕಿ ಸೆಲ್ ಒಂದೊಂದೇ ಸೇರಿಸುತ್ತಾ ಹೋದರು. ವೋಲ್ಟೇಜ್-ಕರೆಂಟ್ ಗ್ರಾಫ್ ನೆಟ್ಟಗೆ ಬರಲಿಲ್ಲ, ಬಾಗಿತು. ಹದಿನಾಲ್ಕು ವರ್ಷ ಸರ್ವಿಸ್ ಆದ ಒಬ್ಬರು ಅಳಿಸಿ ಮತ್ತೆ ಬರೆದರು. ಮತ್ತೂ ಬಾಗಿತು. ನಾನು ಸುಮ್ನೆ ಇದ್ದೆ. ಹತ್ತು ನಿಮಿಷವಾದ ಮೇಲೆ ಮೂಲೆಯಲ್ಲಿದ್ದ ಮೇಡಂ ಒಬ್ಬರು, "ಬಲ್ಬ್ ಕಾಯ್ತೈತಲ್ರೀ, ಕಾದಂಗ ರೋಧ ಹೆಚ್ಚಾಗತೈತಿ" ಅಂದರು. ಆಗ ಹೀಟರ್ ಕಾಯಿಲ್ ತೆಗೆದೆ, ಅದು ಕಾದರೂ ರೋಧ ಅಷ್ಟಾಗಿ ಬದಲಾಗುವುದಿಲ್ಲ. ಎಲೆಕ್ಟ್ರಿಕ್ ಅಂಗಡಿಯಲ್ಲಿ ನಲವತ್ತೋ ಐವತ್ತೋ ಕೊಟ್ಟು ತಂದದ್ದು. ಅದರ ಮೂರನೇ ಒಂದು ಪಾಲು ಕತ್ತರಿಸಿ ಹಾಕಿದರೆ ಚುಕ್ಕಿಗಳೆಲ್ಲ ಒಂದೇ ಗೆರೆಯ ಮೇಲೆ ಕೂತವು. ಮೊದಲು ಕಾಯಿಲ್ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಗಿದು, ಮರೆತೂ ಹೋಗುತ್ತಿತ್ತು. ಬಲ್ಬನ್ನೇ ಮೊದಲು ಕೊಡಿ.

ಸಿಬಿಝಡ್‌ನವರಿಗೆ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಎಲೆಯ ಸಣ್ಣ ರಂಧ್ರ ನೋಡಲು ಕಾಡುಬಸಳೆ ಎಲೆಯ ಸಿಪ್ಪೆ, ನೇಲ್ ಪಾಲಿಶ್ ಅಚ್ಚು, ಜೀವಕೋಶ ನೋಡಲು ಟಿಂಕ್ಚರ್ ಅಯೋಡಿನ್ ಹಾಕಿದ ಈರುಳ್ಳಿ ಪೊರೆ, ಎಲ್ಲ ಸಲೀಸಾಗಿ ಆಯಿತು. ಆಮ್ಲ-ಪ್ರತ್ಯಾಮ್ಲ ಗುರುತಿಸುವ ದಾಸವಾಳದ ರಸ ಮಾತ್ರ ಆ ಸೆಕೆಗೆ ರಾತ್ರಿ ಕಳೆಯುವುದರಲ್ಲಿ ಹುಳಿ ವಾಸನೆ ಬಂತು. ಈಗ ರಸದಲ್ಲಿ ಕಾಗದ ಅದ್ದಿ ನೆರಳಲ್ಲಿ ಒಣಗಿಸಿ ಪಟ್ಟಿ ಮಾಡುತ್ತೇನೆ. ಬಣ್ಣ ತಿಂಗಳುಗಟ್ಟಲೆ ನಿಲ್ಲಲು ಏನು ಸೇರಿಸುತ್ತೇನೆ ಅನ್ನುವುದು ಇಲ್ಲಿ ಬೇಡ. ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಮೂರನೇ ದಿನ ಯೋಜನೆಯಲ್ಲಿ ಇಲ್ಲದ ಒಂದು ಕೆಲಸಕ್ಕೆ ಇಳಿದೆವು. ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತದ್ದರ ನೆರಳೇ ಕಾಣದ ಶೂನ್ಯ ನೆರಳಿನ ದಿನ ನಮ್ಮ ಕಡೆ ಬರುವುದು ಮೇ 2-3ರ ಆಸುಪಾಸು. ಅಂಗಳದಲ್ಲಿ ಒಂದು ಮೀಟರ್ ಪಿವಿಸಿ ಪೈಪನ್ನು ತೂಗುಗುಂಡು ನೋಡಿ ನಿಲ್ಲಿಸಿದೆವು. 12.22ರ ಹೊತ್ತಿಗೆ ನೆರಳು ಪೈಪಿನ ಬುಡದೊಳಗೆ ಸೇರಿಕೊಂಡಿತು. ಅದೇ ಹೊತ್ತಿಗೆ ಮೈಸೂರಿನ ಗೆಳೆಯ ಅಷ್ಟೇ ಉದ್ದದ ಪೈಪ್ ನಿಲ್ಲಿಸಿ ಫೋನ್ ಮಾಡಿದ. ಅಲ್ಲಿ ನೆರಳು ಐದೂವರೆ ಸೆಂಟಿಮೀಟರ್, ಅದೂ ದಕ್ಷಿಣಕ್ಕೆ! ನೆರಳು ದಕ್ಷಿಣಕ್ಕೂ ಬೀಳುತ್ತದೆ ಅನ್ನುವುದನ್ನು ಅರ್ಧ ಜನ ನಂಬಲಿಲ್ಲ, ಫೋಟೊ ತರಿಸಿದೆವು. ನಕ್ಷೆಯಲ್ಲಿ ಎರಡೂ ಊರಿನ ಉತ್ತರ-ದಕ್ಷಿಣ ಅಂತರ ಸುಮಾರು 340 ಕಿ.ಮೀ. ಮೈಸೂರಿನ ನೆರಳಿನಿಂದ ಸಿಗುವ ಕೋನ 360 ಡಿಗ್ರಿಯಲ್ಲಿ ಎಷ್ಟು ಪಾಲೋ, ಈ ಅಂತರ ಸುತ್ತಳತೆಯಲ್ಲಿ ಅಷ್ಟೇ ಪಾಲು. ಹಾಗೆ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 39 ಸಾವಿರ ಕಿ.ಮೀ. ಹತ್ತಿರ ಬಂತು. ನಿಜವಾದದ್ದು 40 ಸಾವಿರ. ಎರಡು ಪೈಪ್, ಒಂದು ಫೋನು, ಅಷ್ಟೇ. ಆ ದಿನ ಒಂದೂವರೆಯಾದರೂ ಯಾರೂ ಎದ್ದಿರಲಿಲ್ಲ.

ಐದು ದಿನದ ಅವಲಕ್ಕಿ, ಮಂಡಕ್ಕಿ, ಮಜ್ಜಿಗೆ, ಮೀಟರ್ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ ಆಯಿತು. 5,200 ಬಂದಿತ್ತು, ಉಳಿದದ್ದು ನಾನು ಹಾಕಿದೆ.

ಮೇ ತಿಂಗಳ ನೆರಳು ಮಕ್ಕಳಿಗೆ ಸಿಗುವುದಿಲ್ಲ, ಸೂಟಿ ಇರುತ್ತದೆ. ವರ್ಷದ ಎರಡನೇ ಶೂನ್ಯ ನೆರಳಿನ ದಿನ ಆಗಸ್ಟ್ 10-11ರ ಸುಮಾರಿಗೆ. ಆ ದಿನ ಬೆಳಿಗ್ಗೆಯಿಂದ ಮೋಡ. 12.20ಕ್ಕೆ, ಬಲ್ಬ್ ಕಾಯ್ತೈತಿ ಅಂದಿದ್ದ ಆ ಮೇಡಂ ಫೋನ್ ಬಂತು. "ಸರ, ಅರವತ್ತು ಹುಡುಗ್ರು ಅಂಗಳದಾಗ ಪೈಪ್ ಹಿಡ್ಕೊಂಡು ನಿಂತಾರ್ರಿ, ಬಿಸಿಲು ಬೀಳವಲ್ದು." ಮಾತಿನ ನಡುವೆಯೇ ಹಿಂದಿನಿಂದ ಹುಡುಗರು ಹೋ ಅಂತ ಕೂಗಿದ್ದು ಕೇಳಿಸಿತು. ಮೇಡಂ ಫೋನ್ ಇಡದೆಯೇ ಅಂಗಳಕ್ಕೆ ಓಡಿದ್ದರು.